ಉಪ್ಪು ಕೇಳಿದ ಮಗು

ಮೂರೂವರೆ ವರ್ಷದ ಆ ಹುಡುಗನಿಗೆ ಉಪ್ಪೆಂದರೆ ಪ್ರಾಣ. ಉಪ್ಪಿನ ಬಿಸ್ಕತ್ತು ಕೊಟ್ಟರೆ ಮೇಲಿನ ಉಪ್ಪನ್ನಷ್ಟೇ ನೆಕ್ಕುತ್ತಿದ್ದ. ಉಪ್ಪಿನ ಡಬ್ಬಿ ಕೈಗೆ ಸಿಕ್ಕರೆ ಹಾಗೇ ತಿನ್ನುತ್ತಿದ್ದ. ಅವನು ಮೊದಮೊದಲು ಕಲಿತ ಕೆಲವೇ ಮಾತುಗಳಲ್ಲಿ ‘ಉಪ್ಪು’ ಎಂಬುದೂ ಒಂದು. ವಯಸ್ಸಿಗೆ ಮೀರಿ ಮೈ ಬಲಿಯುತ್ತಿದೆಯೆಂದು ಅವನನ್ನು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಸೇರಿಸಲಾಯಿತು. ಅಲ್ಲಿ ಎಲ್ಲ ಮಕ್ಕಳಿಗೂ ಬಡಿಸುವ ಊಟವನ್ನೇ ಅವನಿಗೂ ಕೊಟ್ಟರು. ಮನೆಯಲ್ಲಿ ಸಿಗುತ್ತಿದ್ದಷ್ಟು ಉಪ್ಪು ಅಲ್ಲಿ ಸಿಗಲಿಲ್ಲ. ಏಳು ದಿನಗಳಲ್ಲಿ ಮಗು ತೀರಿಕೊಂಡಿತು.

ಮಕ್ಕಳ ವೈದ್ಯ ಲಾಸನ್ ವಿಲ್ಕಿನ್ಸ್ ಮತ್ತು ಮನೋವಿಜ್ಞಾನಿ ಕರ್ಟ್ ರಿಕ್ಟರ್ 1940ರಲ್ಲಿ ಈ ಪ್ರಕರಣವನ್ನು ವೈದ್ಯಲೋಕದ ಮುಂದಿಟ್ಟರು. ಶವಪರೀಕ್ಷೆಯಲ್ಲಿ ಮಗುವಿನ ಅಡ್ರಿನಲ್ ಗ್ರಂಥಿಗಳು ಕೆಟ್ಟಿರುವುದು ಕಂಡಿತ್ತು. ಈ ಗ್ರಂಥಿಗಳನ್ನು ತೆಗೆದುಹಾಕಿದ ಇಲಿಗಳು ತಾವಾಗಿಯೇ ಉಪ್ಪುನೀರನ್ನು ಹುಡುಕಿ ಕುಡಿದು ಬದುಕುತ್ತವೆ ಎಂಬುದನ್ನು ರಿಕ್ಟರ್ ಆಗಲೇ ತೋರಿಸಿದ್ದರು. ಹುಡುಗ ಮಾಡುತ್ತಿದ್ದುದೂ ಅದನ್ನೇ. ಯಾರಿಗೂ ತಿಳಿಯದ ತನ್ನ ಕಾಯಿಲೆಗೆ ತಾನೇ ಮದ್ದು ಹುಡುಕಿಕೊಂಡು ಅಷ್ಟು ದಿನ ಉಸಿರು ಹಿಡಿದುಕೊಂಡಿದ್ದ.

ಅಡ್ರಿನಲ್ ಗ್ರಂಥಿಗಳು ಎರಡು. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುತ್ತವೆ. ಕೊಲೆಸ್ಟರಾಲ್ ಎಂಬ ಕಚ್ಚಾವಸ್ತುವಿನಿಂದ ಹಂತಹಂತವಾಗಿ ಇವು ಮೂರು ಬಗೆಯ ಹಾರ್ಮೋನು ತಯಾರಿಸುತ್ತವೆ. ಆಲ್ಡೋಸ್ಟೆರೋನ್ ಮೂತ್ರದಲ್ಲಿ ಉಪ್ಪು ಹರಿದುಹೋಗದಂತೆ ತಡೆಯುತ್ತದೆ. ಕಾರ್ಟಿಸಾಲ್ ಜ್ವರ, ಗಾಯ, ಉಪವಾಸದಂಥ ಸಂಕಟಗಳಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಕಾಯುತ್ತದೆ. ಮೂರನೆಯದು ಆಂಡ್ರೋಜೆನ್, ಅಂದರೆ ಪುರುಷ ಹಾರ್ಮೋನುಗಳ ಗುಂಪು. ಅದು ಹೆಣ್ಣಿನಲ್ಲೂ ಗಂಡಿನಲ್ಲೂ ಇರುತ್ತದೆ.

ಒಂದು ಕಾಲುವೆಯಿಂದ ಮೂರು ಗದ್ದೆಗಳಿಗೆ ನೀರು ಹರಿಯುತ್ತಿದೆ ಎಂದುಕೊಳ್ಳಿ. ಎರಡು ಗದ್ದೆಗಳ ತೂಬು ಕಟ್ಟಿಹೋಗಿದೆ. ಗದ್ದೆ ಒಣಗಿದೆಯೆಂದು ಮೇಲಿನಿಂದ ಇನ್ನಷ್ಟು, ಮತ್ತಷ್ಟು ನೀರು ಬಿಡುತ್ತಲೇ ಇದ್ದಾರೆ. ಆ ನೀರೆಲ್ಲ ಮೂರನೆಯ ಗದ್ದೆಗೆ ನುಗ್ಗಿ ಬೆಳೆ ಮುಳುಗುತ್ತದೆ. ಹುಟ್ಟಿನಿಂದಲೇ ಬರುವ ಈ ಅಡ್ರಿನಲ್ ಕಾಯಿಲೆಯಲ್ಲಿ, ವೈದ್ಯರು ಚುಟುಕಾಗಿ ‘ಸಿಎಎಚ್’ ಎನ್ನುವ ತೊಂದರೆಯಲ್ಲಿ, ನಡೆಯುವುದು ಇದೇ. ಹೆಚ್ಚಿನ ಮಕ್ಕಳಲ್ಲಿ ಕೆಟ್ಟಿರುವ ತೂಬಿನ ಹೆಸರು 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ. ಆಲ್ಡೋಸ್ಟೆರೋನ್, ಕಾರ್ಟಿಸಾಲ್ ಸಾಕಷ್ಟು ತಯಾರಾಗುವುದಿಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ‘ಇನ್ನೂ ಮಾಡು, ಇನ್ನೂ ಮಾಡು’ ಎಂದು ಒತ್ತಾಯಿಸುತ್ತಲೇ ಇರುತ್ತದೆ. ಅಡ್ರಿನಲ್ ದುಡಿದು ದುಡಿದು ದಪ್ಪವಾಗುತ್ತದೆ, ಆದರೆ ಉಕ್ಕುವುದು ಆಂಡ್ರೋಜೆನ್ ಮಾತ್ರ.

ಇದರ ಹೊಡೆತ ಹೆಣ್ಣುಮಗುವಿಗೆ ಒಂದು ಬಗೆ, ಗಂಡುಮಗುವಿಗೆ ಇನ್ನೊಂದು ಬಗೆ. ಹೆಣ್ಣುಮಗುವಿನ ಹೊರ ಜನನಾಂಗ ಗರ್ಭದಲ್ಲೇ ಗಂಡಿನ ರೂಪದತ್ತ ವಾಲಿರುತ್ತದೆ. ಹೆರಿಗೆ ಕೋಣೆಯಲ್ಲಿ ‘ಯಾವ ಮಗು?’ ಎಂಬ ಪ್ರಶ್ನೆಗೆ ಉತ್ತರ ತಡವರಿಸುತ್ತದೆ. ಒಳಗೆ ಗರ್ಭಕೋಶ, ಅಂಡಾಶಯ ಎಲ್ಲವೂ ಸರಿಯಾಗಿಯೇ ಇರುತ್ತವೆ. ಚಿಕಿತ್ಸೆ ಪಡೆದು ದೊಡ್ಡವರಾಗಿ ತಾಯಂದಿರಾದ ಹೆಣ್ಣುಮಕ್ಕಳಿದ್ದಾರೆ. ಇಂಥ ಹೊತ್ತಿನಲ್ಲಿ ಮನೆಯವರು ನಾಚಿಕೆಯಿಂದ ಮಗುವನ್ನು ಬಟ್ಟೆಯಲ್ಲಿ ಮುಚ್ಚಿಟ್ಟುಕೊಂಡು ಊರಿಗೆ ಹೊರಟುಬಿಟ್ಟರೆ ಅನಾಹುತ. ‘ಪರೀಕ್ಷೆಯ ಫಲಿತಾಂಶ ಬರಲಿ, ಆಮೇಲೆ ಹೇಳುತ್ತೇವೆ’ ಎಂದು ಹೇಳುವ ವೈದ್ಯರೇ ಒಳ್ಳೆಯ ವೈದ್ಯರು. ನಾಮಕರಣ ನಾಲ್ಕು ದಿನ ತಡವಾದರೆ ನಷ್ಟವಿಲ್ಲ.

ಗಂಡುಮಗುವಿನ ಕಥೆ ಇನ್ನೂ ಕಠಿಣ. ನೋಡಲು ಅದು ಮುದ್ದಾದ, ಆರೋಗ್ಯವಂತ ಕೂಸು. ಯಾರಿಗೂ ಸಂಶಯ ಬರುವುದಿಲ್ಲ. ಬಾಣಂತಿ ಮನೆಗೆ ಹೋಗುತ್ತಾಳೆ, ತೊಟ್ಟಿಲ ಶಾಸ್ತ್ರವೂ ಮುಗಿಯುತ್ತದೆ. ಎರಡನೆಯ ವಾರದ ಹೊತ್ತಿಗೆ ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ತೂಕ ಇಳಿಯುತ್ತದೆ, ಜೋಲುಬೀಳುತ್ತದೆ. ‘ದೃಷ್ಟಿಯಾಗಿದೆ’ ಎಂದು ಅಜ್ಜಿ ನಿವಾಳಿಸುತ್ತಾಳೆ. ವೈದ್ಯರೂ ಹಲವು ಸಲ ಸೋಂಕು ಎಂದೇ ತಿಳಿಯುತ್ತಾರೆ. ರಕ್ತದಲ್ಲಿ ಸೋಡಿಯಂ ಕುಸಿದು ಪೊಟ್ಯಾಸಿಯಂ ಏರಿರುವುದನ್ನು ನೋಡಿ ಯಾರಾದರೂ ಅಡ್ರಿನಲ್ ನೆನಪಿಸಿಕೊಂಡರೆ ಮಗು ಬದುಕೀತು. ಇಲ್ಲವಾದರೆ ಮರಣದ ಕಾರಣ ‘ಸೋಂಕು’ ಎಂದೇ ದಾಖಲಾಗುತ್ತದೆ. ಅಂಥ ಎಷ್ಟು ಗಂಡುಕೂಸುಗಳು ಹೆಸರಿಲ್ಲದ ಕಾಯಿಲೆಯಿಂದ ಹೋಗಿವೆಯೋ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಚಿಕಿತ್ಸೆಗೆ ದಾರಿ ತೆರೆದವರೂ ಅದೇ ವಿಲ್ಕಿನ್ಸ್. 1950ರಲ್ಲಿ ಅವರು ಕಾರ್ಟಿಸೋನ್ ಕೊಟ್ಟು ನೋಡಿದರು. ಹೊರಗಿನಿಂದ ಹಾರ್ಮೋನು ಸಿಕ್ಕಿತು, ಪಿಟ್ಯುಟರಿ ಸಮಾಧಾನಗೊಂಡಿತು, ಆಂಡ್ರೋಜೆನ್ ಇಳಿಯಿತು. ಮೇಲಿನಿಂದ ನುಗ್ಗುತ್ತಿದ್ದ ನೀರು ನಿಂತಂತಾಯಿತು. ಇಂದಿಗೂ ಚಿಕಿತ್ಸೆಯ ತಿರುಳು ಅದೇ. ಕಾರ್ಟಿಸಾಲ್‌ಗೆ ಬದಲಿಯಾಗಿ ಹೈಡ್ರೊಕಾರ್ಟಿಸೋನ್, ಆಲ್ಡೋಸ್ಟೆರೋನ್‌ಗೆ ಬದಲಿಯಾಗಿ ಫ್ಲೂಡ್ರೊಕಾರ್ಟಿಸೋನ್, ಹಸುಗೂಸಿಗೆ ಮೇಲಿಂದ ಉಪ್ಪು.

ಉಪ್ಪು ಎಂದ ಕೂಡಲೇ ಮನೆಯಲ್ಲಿ ತಕರಾರು ಏಳುತ್ತದೆ. ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಉಪ್ಪು ಸೋಕಿಸಬಾರದು ಎಂದು ವೈದ್ಯರೂ ಹೇಳುತ್ತಾರೆ, ಹಿರಿಯರೂ ಹೇಳುತ್ತಾರೆ. ಬೇರೆ ಮಕ್ಕಳಿಗೆ ಅದು ಸರಿ. ಈ ಮಗುವಿಗೆ ಮಾತ್ರ ದಿನಕ್ಕೆ ಒಂದೆರಡು ಗ್ರಾಂ, ಅಂದರೆ ಹೆಚ್ಚುಕಡಿಮೆ ಕಾಲು ಟೀ ಚಮಚ ಉಪ್ಪು, ವೈದ್ಯರು ಹೇಳಿದ ಅಳತೆಯಲ್ಲಿ, ಹಲವು ಸಲ ಹಾಲು ಕುಡಿಸುವಾಗ ಹಂಚಿ ಹೋಗಬೇಕು. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎನ್ನುತ್ತೇವಲ್ಲ, ಈ ಮಗುವಿಗೆ ಎರಡೂ ಒಂದೇ ಕೈಯಿಂದ ಬರುತ್ತವೆ.

ಆ ಕೈಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎಳೆಗೂಸಿಗೆ ಒಂದು ಹೊತ್ತಿಗೆ ಬೇಕಾದ ಹೈಡ್ರೊಕಾರ್ಟಿಸೋನ್ ಒಂದು ಮಿಲಿಗ್ರಾಂ ಆಸುಪಾಸು. ಅಂಗಡಿಯಲ್ಲಿ ಸಿಗುವ ಮಾತ್ರೆ ಐದು ಅಥವಾ ಹತ್ತು ಮಿಲಿಗ್ರಾಮಿನದು. ತಾಯಿ ಅದನ್ನು ಎರಡು ಚಮಚಗಳ ನಡುವೆ ಒತ್ತಿ ನುಣ್ಣಗೆ ಪುಡಿ ಮಾಡುತ್ತಾಳೆ. ಬಿಳಿ ಕಾಗದದ ಮೇಲೆ ಹರಡಿ, ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು ಸಮಪಾಲು ಮಾಡುತ್ತಾಳೆ. ಒಂದು ಪಾಲನ್ನು ನಾಲ್ಕು ಹನಿ ಹಾಲಿನಲ್ಲಿ ಕಲಸಿ ಬಾಯಿಗೆ ಬಿಡುತ್ತಾಳೆ. ದಿನಕ್ಕೆ ಮೂರು ಸಲ, ತಪ್ಪದೆ. ಪಾಲು ಕಡಿಮೆಯಾದರೆ ಆಂಡ್ರೋಜೆನ್ ಮತ್ತೆ ಉಕ್ಕಿ ಮೂಳೆ ಬೇಗ ಬಲಿತು, ಮಗು ಮೊದಲು ಎತ್ತರವಾಗಿ ಕಡೆಗೆ ಕುಳ್ಳಾಗಿ ಉಳಿಯುತ್ತದೆ. ಹೆಚ್ಚಾದರೆ ಮುಖ ಊದಿ ಬೆಳವಣಿಗೆಯೇ ಕುಂಠಿತವಾಗುತ್ತದೆ. ಅದಕ್ಕೇ ಕೆಲವು ತಿಂಗಳಿಗೊಮ್ಮೆ ತೂಕ, ಎತ್ತರ, ರಕ್ತ ಪರೀಕ್ಷೆ ನೋಡಿ ಅಳತೆ ಬದಲಿಸುತ್ತಾರೆ. ಆಂಡ್ರೋಜೆನ್ ತಗ್ಗಿಸಲು ನೆರವಾಗುವ ಕ್ರೈನೆಸರ್‌ಫಾಂಟ್ ಎಂಬ ಹೊಸ ಔಷಧಿಗೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಅದನ್ನೂ ಹೈಡ್ರೊಕಾರ್ಟಿಸೋನ್ ಜೊತೆಗೇ ತೆಗೆದುಕೊಳ್ಳಬೇಕು.

‘ಸ್ಟೆರಾಯ್ಡ್’ ಎಂಬ ಪದ ಕಿವಿಗೆ ಬಿದ್ದೊಡನೆ ನೆಂಟರಿಷ್ಟರು ಬುದ್ಧಿ ಹೇಳಲು ಬರುತ್ತಾರೆ. ‘ನಿಲ್ಲಿಸಿಬಿಡಿ, ಮಗು ಹಾಳಾಗುತ್ತದೆ’ ಎನ್ನುತ್ತಾರೆ. ದಯವಿಟ್ಟು ಯಾರೂ ಹಾಗೆ ಹೇಳಬೇಡಿ. ಉಳಿದವರ ಮೈಯಲ್ಲಿ ತಾನಾಗಿ ಊರುವ ಹಾರ್ಮೋನನ್ನೇ ಇಲ್ಲಿ ಮಾತ್ರೆಯಾಗಿ ಕೊಡುತ್ತಿರುವುದು. ನಿಲ್ಲಿಸಿದರೆ ಮಗುವಿನ ಜೀವಕ್ಕೇ ಸಂಚಕಾರ.

ಕಾಯಿಲೆ ಬರುವುದು ತಂದೆ ತಾಯಿ ಇಬ್ಬರಿಂದಲೂ. ಇಬ್ಬರೂ ಕೆಟ್ಟ ಜೀನಿನ ಒಂದೊಂದು ಪ್ರತಿಯನ್ನು ಗೊತ್ತಿಲ್ಲದೆ ಹೊತ್ತಿರುತ್ತಾರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲು ಭಾಗ ಜೀನುಗಳು ಸಮಾನ. ಹಾಗಾಗಿ ನಮ್ಮ ಕಡೆಯ ಸೋದರಿಕೆಯ ಮದುವೆಗಳಲ್ಲಿ ಇಂಥ ಜೋಡಿ ಕೂಡುವ ಸಂಭವ ಹೆಚ್ಚು. ‘ನಮ್ಮ ವಂಶದಲ್ಲಿ ಇರಲಿಲ್ಲ’ ಎಂದು ಸೊಸೆಯತ್ತ ಬೆರಳು ತೋರಿಸುವ ಅತ್ತೆಗೆ ಈ ಲೆಕ್ಕವನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸಿದರೆ, ತೂಬಿನ ಮುಂದೆ ಜಮೆಯಾಗುವ 17-ಒಎಚ್‌ಪಿ ಎಂಬ ವಸ್ತುವಿನ ಮಟ್ಟದಿಂದ ಸುಳಿವು ಸಿಗುತ್ತದೆ. ಹೊತ್ತೂ ಇಲ್ಲಿ ಕೂಡಿಬರಬೇಕು: ವರದಿ ವಾರದೊಳಗೆ ಬಂದರೆ ಮಾತ್ರ ಗಂಡುಕೂಸಿಗೆ ಪ್ರಯೋಜನ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಮಟ್ಟ ಸುಮ್ಮನೆ ಏರಿರುವುದುಂಟು, ಆಗ ಗಾಬರಿಯಾಗದೆ ಮರುಪರೀಕ್ಷೆ ಮಾಡಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ 5,762 ಮಕ್ಕಳಿಗೆ ಒಬ್ಬರಂತೆ ಈ ಕಾಯಿಲೆ ಕಂಡಿತು. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಈ ಪರೀಕ್ಷೆ ಮಾಡುತ್ತಾರೆ. ದೇಶದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದು ಪೋಲಿಯೋ ಹನಿಯಷ್ಟೇ ಸಹಜವಾಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಮಕ್ಕಳು ಶಾಲೆಗೆ ಹೋಗುತ್ತಾರೆ, ಓಡುತ್ತಾರೆ, ಮರ ಹತ್ತುತ್ತಾರೆ. ಜ್ವರ ಬಂದ ದಿನ ಮಾತ್ರ ಹೈಡ್ರೊಕಾರ್ಟಿಸೋನ್ ಎರಡು ಮೂರು ಪಟ್ಟಾಗಬೇಕು. ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್ ಬೇಕು. ಅದಕ್ಕಾಗಿ ಶಾಲಾ ಚೀಲದಲ್ಲಿ, ಪೆನ್ಸಿಲ್ ಡಬ್ಬಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ಇರಬೇಕು: ‘ಈ ಮಗುವಿಗೆ ಅಡ್ರಿನಲ್ ಕೊರತೆ ಇದೆ. ಸುಸ್ತಾಗಿ ಬಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡಿ. ಪರೀಕ್ಷೆಗಳೆಲ್ಲ ಆಮೇಲೆ.’