ಖಾಲಿ ಬರುವ ಹಾದಿಯ ಲೆಕ್ಕ

ಆರ್‌ವಿ ಎಂಬ ಪ್ರವಾಸದ ಮನೆಬಂಡಿಗಳನ್ನು ಕಾರ್ಖಾನೆಯಿಂದ ಡೀಲರ್‌ಗಳಿಗೆ ಸಾಗಿಸುವ ಕೆಲಸದ ಬಗ್ಗೆ ವಿಚಾರಿಸಲು ನನಗೆ ಫೋನ್ ಮಾಡುವ ಕನ್ನಡಿಗರು, ಅಮೆರಿಕದವರಾಗಲಿ ಕೆನಡಾದವರಾಗಲಿ, ಮೊದಲು ಕೇಳುವುದು ಮೈಲಿಗೆ ಎಷ್ಟು ಸಿಗುತ್ತದೆ ಎಂದು. ಊರಿನಲ್ಲಿ ಲಾರಿ ಇಟ್ಟುಕೊಂಡಿದ್ದ ಮನೆತನದಿಂದ ಬಂದವರು ಮಾತ್ರ ಬೇರೆಯದನ್ನು ಕೇಳುತ್ತಾರೆ: ರಿಟರ್ನ್ ಲೋಡ್, ಅಂದರೆ ಹಿಂತಿರುಗುವಾಗ ತರಲು ಬಾಡಿಗೆಯ ಮಾಲು, ಸಿಗುತ್ತದೆಯೇ? ಸರಿಯಾದ ಪ್ರಶ್ನೆ ಅದು. ಬಹುತೇಕ ಸಿಗುವುದಿಲ್ಲ ಎಂಬುದೇ ಅದಕ್ಕೆ ಉತ್ತರ, ಮತ್ತು ಈ ಕಸುಬಿನಲ್ಲಿ ಉಳಿಯುವವರು ಯಾರು, ಆರು ತಿಂಗಳಲ್ಲಿ ಬಿಟ್ಟುಹೋಗುವವರು ಯಾರು ಎಂಬುದನ್ನು ನಿರ್ಧರಿಸುವುದೂ ಆ ಉತ್ತರವೇ.

ಮಂಚ, ಒಲೆ, ಸ್ನಾನದ ಕೋಣೆಗಳೆಲ್ಲ ಇರುವ ಪ್ರವಾಸದ ಮನೆಬಂಡಿಗೆ ಇಲ್ಲಿ ಆರ್‌ವಿ ಎನ್ನುತ್ತಾರೆ. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಉತ್ತರ ಅಂಚಿನ ಎಲ್ಕ್‌ಹಾರ್ಟ್ ಮತ್ತು ಅದರ ಸುತ್ತಲಿನ ಗೋಶೆನ್, ಮಿಡಲ್‌ಬರಿ, ನಪ್ಪನಿಗಳಂಥ ಸಣ್ಣ ಊರುಗಳ ಕಾರ್ಖಾನೆಗಳಿಂದ ಹೊರಬರುತ್ತವೆ. ಅವನ್ನು ಮಾರುವ ಡೀಲರ್‌ಗಳಾದರೋ ಖಂಡದ ಉದ್ದಗಲಕ್ಕೂ ಹರಡಿಕೊಂಡಿದ್ದಾರೆ. ಮಾಲು ಒಂದು ಮೂಲೆಯಿಂದ ಎಲ್ಲ ದಿಕ್ಕಿಗೂ ಹೋಗುತ್ತದೆ, ಯಾವ ದಿಕ್ಕಿನಿಂದಲೂ ಹಿಂದಕ್ಕೆ ಬರುವುದಿಲ್ಲ. ಸ್ವಂತ ಪಿಕಪ್ ಟ್ರಕ್‌ಗೆ ಕೊಂಡಿ ಹಾಕಿ ಎಂಜಿನ್ ಇಲ್ಲದ ಆರ್‌ವಿಯನ್ನು, ಅಂದರೆ ಟ್ರೇಲರನ್ನು, ಎಳೆದುಕೊಂಡು ಹೋದ ಚಾಲಕ ಅದನ್ನು ಡೀಲರನ ಅಂಗಳದಲ್ಲಿ ಬಿಟ್ಟು, ಅಷ್ಟೇ ದೂರವನ್ನು ತನ್ನ ಖರ್ಚಿನಲ್ಲಿ ಹಿಂತಿರುಗಬೇಕು. ಬಾಡಿಗೆ ಕೊಡುವುದು ಹೋಗುವ ಮೈಲಿಗಳಿಗೆ ಮಾತ್ರ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಲ್ಕ್‌ಹಾರ್ಟ್‌ನಿಂದ ಡೆನ್ವರ್‌ಗೆ ಸುಮಾರು 1,100 ಮೈಲಿ. ಮೈಲಿಗೆ 2 ಡಾಲರ್ ಎಂದುಕೊಂಡರೆ 2,200 ಡಾಲರ್ ಬಾಡಿಗೆ. ಟ್ರೇಲರ್ ಎಳೆಯುವಾಗ ಗ್ಯಾಲನ್‌ಗೆ 9 ಮೈಲಿ, ಖಾಲಿ ಬರುವಾಗ 16 ಮೈಲಿ ಓಡಿದರೆ ಹೋಗಿ ಬರಲು ಸುಮಾರು 191 ಗ್ಯಾಲನ್ ಇಂಧನ ಬೇಕು. ಗ್ಯಾಲನ್‌ಗೆ 4 ಡಾಲರಿನಂತೆ ಅದು 764 ಡಾಲರ್. ಉಳಿದ 1,436 ಡಾಲರನ್ನು ಹೋಗಿ ಬಂದ 2,200 ಮೈಲಿಗೆ ಹಂಚಿದರೆ ಕೈಗೆ ಬಂದದ್ದು ಮೈಲಿಗೆ 65 ಸೆಂಟ್. ಟೈರು, ಆಯಿಲ್, ಬ್ರೇಕು ಮತ್ತು ಟ್ರಕ್ಕಿನ ಸವಕಳಿಗೆಂದು ಮೈಲಿಗೆ 20 ಸೆಂಟ್ ತೆಗೆದಿಟ್ಟರೆ ಸಾವಿರ ಡಾಲರಿಗೂ ಸ್ವಲ್ಪ ಕಡಿಮೆ ಉಳಿಯುತ್ತದೆ, ಅದೂ ಐದು ದಿನಗಳ ದುಡಿಮೆಗೆ. ವಿಮೆ, ಊಟ, ವಸತಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸಾಮಾನ್ಯವಾಗಿ ಚಾಲಕ ಕಂಪನಿಯ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಆದ್ದರಿಂದ ಆದಾಯ ತೆರಿಗೆಯಲ್ಲದೆ ಶೇ. 15.3ರ ಸ್ವಉದ್ಯೋಗ ತೆರಿಗೆಯನ್ನೂ ಅವನೇ ಕಟ್ಟಬೇಕು. ಇಷ್ಟೆಲ್ಲ ಕಳೆದ ಮೇಲೂ ಜೀವನ ಸಾಗಿಸಲು ಸಾಧ್ಯವಿದೆ, ನಾನು ಸಾಗಿಸಿದ್ದೇನೆ. ಆದರೆ 2 ಡಾಲರ್ ಎಂಬ ಅಂಕಿಯನ್ನು ನಂಬಿ ಸಾಲ ಮಾಡಿ ಹೊಸ ಟ್ರಕ್ ಕೊಂಡವರ ಕಂತು ತಪ್ಪುವುದನ್ನೂ ಹತ್ತಿರದಿಂದ ನೋಡಿದ್ದೇನೆ.

ಎಂಜಿನ್ ಇರುವ ಮೋಟರ್‌ಹೋಮ್‌ಗಳನ್ನು ಚಾಲಕ ತಾನೇ ಓಡಿಸಿಕೊಂಡು ಹೋಗಿ ತಲುಪಿಸುತ್ತಾನೆ. ಅಲ್ಲಿ ಸ್ವಂತ ಟ್ರಕ್ ಬೇಕಿಲ್ಲವಾದ್ದರಿಂದ ಬಂಡವಾಳ ಕಡಿಮೆ, ಬಾಡಿಗೆಯೂ ಕಡಿಮೆ. ಹಿಂತಿರುಗಲು ಕೆಲವರು ಮೋಟರ್‌ಹೋಮ್‌ನ ಹಿಂದೆ ತಮ್ಮ ಸಣ್ಣ ಕಾರನ್ನು ಕಟ್ಟಿಕೊಂಡು ಹೋಗುತ್ತಾರೆ, ಉಳಿದವರು ಬಸ್ಸು, ರೈಲು, ವಿಮಾನಗಳಲ್ಲಿ ಅಗ್ಗವಾದದ್ದನ್ನು ಹುಡುಕುತ್ತಾರೆ.

ಕಾನೂನಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ರಜೆಗೆ ಹೋಗುವ ಕುಟುಂಬ ಇದೇ ಟ್ರೇಲರನ್ನು ಎಳೆದರೆ ಅದು ಖಾಸಗಿ ಪ್ರಯಾಣ. ಬಾಡಿಗೆಗೆ ನಾವು ರಾಜ್ಯದ ಗಡಿ ದಾಟಿಸಿ ಎಳೆದರೆ, ಟ್ರಕ್ ಮತ್ತು ಟ್ರೇಲರುಗಳ ನಿಗದಿತ ಒಟ್ಟು ತೂಕ 10,001 ಪೌಂಡ್ ಮುಟ್ಟಿದ ಕೂಡಲೇ ಅದು ವಾಣಿಜ್ಯ ವಾಹನ. ಆಗ ವೈದ್ಯಕೀಯ ಪ್ರಮಾಣಪತ್ರ ಬೇಕು, ಓಡಿಸಿದ ಮತ್ತು ಬಿಡುವು ಪಡೆದ ಗಂಟೆಗಳ ದಿನಚರಿ ದಾಖಲಿಸಬೇಕು, ಸತತ 10 ಗಂಟೆಗಳ ಬಿಡುವಿನ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬೇಕು. ಆ ಒಟ್ಟು ತೂಕ 26,001 ಪೌಂಡ್ ಮುಟ್ಟಿ, ಟ್ರೇಲರಿನದು 10,000 ದಾಟಿದರೆ ಭಾರಿ ವಾಹನದ ಲೈಸೆನ್ಸ್, ಅಂದರೆ ಸಿಡಿಎಲ್ ಬೇಕು. ಆರ್‌ವಿ ಸಾಗಣೆಗೆ ಎಲೆಕ್ಟ್ರಾನಿಕ್ ದಾಖಲೆ ಯಂತ್ರದಿಂದ ವಿನಾಯಿತಿ ಇದೆ, ಕಾಗದದ ಲಾಗ್‌ಬುಕ್ ಸಾಕು. ಆದರೆ ಮುಂದಿನ ಲೋಡಿಗಾಗಿ ಎಲ್ಕ್‌ಹಾರ್ಟ್‌ಗೆ ಖಾಲಿ ಹಿಂತಿರುಗುವ ಗಂಟೆಗಳೂ ಚಾಲನೆಯ ಗಂಟೆಗಳೇ ಎಂಬುದನ್ನು ಹಲವರು ಮರೆಯುತ್ತಾರೆ. ಬಾಡಿಗೆಯಿಲ್ಲದ ಹಾದಿಯನ್ನು ಬೇಗ ಮುಗಿಸುವ ಆತುರದಲ್ಲಿ ರಾತ್ರಿಯಿಡೀ ಓಡಿಸುತ್ತಾರೆ. ಇನ್ನೊಂದು ಎಚ್ಚರಿಕೆ ನಮ್ಮವರಿಗಾಗಿಯೇ: ಎಚ್-1ಬಿ ವೀಸಾದಲ್ಲಿರುವವರು ವಾರಾಂತ್ಯದಲ್ಲಿಯೂ ಈ ಕೆಲಸ ಮಾಡುವಂತಿಲ್ಲ.

ಇನ್ನು ರಸ್ತೆಯ ವಿಷಯ. ಕಾರ್ಖಾನೆಯಿಂದ ಹೊರಬಿದ್ದ ಹೊಸ ಟ್ರೇಲರಿನ ಮೊದಲ 50 ಮೈಲಿಗಳೇ ನನ್ನ ಪಾಲಿಗೆ ಇಡೀ ಪ್ರಯಾಣದ ಅತ್ಯಂತ ಮುಖ್ಯ ಭಾಗ. ಹೊಸ ಚಕ್ರಗಳು ತಿರುಗುತ್ತಾ ತಮ್ಮ ಜಾಗದಲ್ಲಿ ಕೂರುವಾಗ ನಟ್ಟುಗಳು ಸಡಿಲವಾಗುತ್ತವೆ. ಆದ್ದರಿಂದ 10, 25 ಮತ್ತು 50 ಮೈಲಿಗಳಲ್ಲಿ ನಿಲ್ಲಿಸಿ, ನಟ್ಟನ್ನು ಅಳತೆಯ ಬಲದಲ್ಲಿ ಬಿಗಿಯುವ ಟಾರ್ಕ್ ವ್ರೆಂಚ್‌ನಿಂದ ಪ್ರತಿಯೊಂದನ್ನೂ ಬಿಗಿಮಾಡಬೇಕು. ನನ್ನ ಮೊದಲ ವರ್ಷದಲ್ಲಿ ಮಳೆ ಬರುತ್ತಿದೆಯೆಂದು ಎರಡನೆಯ ನಿಲುಗಡೆಯನ್ನು ಬಿಟ್ಟೆ. ಮೂರನೆಯದಕ್ಕೆ ಇಳಿದು ನೋಡಿದರೆ ಒಂದು ಚಕ್ರದ ಎರಡು ನಟ್ಟುಗಳು ಕೈಬೆರಳಿಗೇ ತಿರುಗುತ್ತಿದ್ದವು. ಪಕ್ಕದಲ್ಲಿ ಮಕ್ಕಳಿದ್ದ ಕಾರುಗಳು ಹಾದುಹೋಗುತ್ತಿದ್ದವು. ಅಂದಿನಿಂದ ಮಳೆಯಾಗಲಿ ಹಿಮವಾಗಲಿ ನಾನು ಇಳಿಯದೆ ಬಿಟ್ಟಿಲ್ಲ.

ಗಾಳಿಯ ವಿಚಾರವನ್ನೂ ಹೇಳಬೇಕು. ಹೊಸ ಟ್ರೇಲರಿನೊಳಗೆ ನೀರಿಲ್ಲ, ಸಾಮಾನಿಲ್ಲ. ಮೂವತ್ತೈದು ಅಡಿ ಉದ್ದದ ಗೋಡೆಯಿದ್ದೂ ಅದಕ್ಕೆ ತಕ್ಕ ತೂಕವಿಲ್ಲ. ವಯೋಮಿಂಗ್ ರಾಜ್ಯದಲ್ಲಿ ಇಂಟರ್‌ಸ್ಟೇಟ್ 80 ಹೆದ್ದಾರಿಯ ಲಾರಮಿ ಮತ್ತು ರಾಲಿನ್ಸ್ ನಡುವೆ, ಎಲ್ಕ್ ಮೌಂಟನ್‌ನ ಆಸುಪಾಸಿನಲ್ಲಿ, ಹಗುರವಾದ ಎತ್ತರದ ವಾಹನಗಳಿಗೆ ರಸ್ತೆಯನ್ನು ಮುಚ್ಚುವುದು ಅಪರೂಪವಲ್ಲ. ಹಾಗೆಂದು ರಸ್ತೆಬದಿಯ ಫಲಕ ಹೇಳುತ್ತಿರುವುದು ನಮಗೇ. ನಿಂತ ದಿನಕ್ಕೆ ಬಾಡಿಗೆಯಿಲ್ಲ, ಆದರೂ ನಿಲ್ಲಬೇಕು. ಹಿಂದೆ ಹೊಸ ಹಾಸಿಗೆಯಿರುವ ಮನೆಯೇ ನಿಂತಿದ್ದರೂ ಅದು ಡೀಲರನ ಮಾಲು, ಅದರೊಳಗೆ ಕಾಲಿಟ್ಟು ಮಲಗುವಂತಿಲ್ಲ. ಚಾಲಕ ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಗಾಳಿ ಇಳಿಯುವುದನ್ನು ಕಾಯುತ್ತಾನೆ.

ಈ ವ್ಯಾಪಾರದ ಏರಿಳಿತವೂ ದೊಡ್ಡದು. ಕೋವಿಡ್ ಕಾಲದಲ್ಲಿ ಜನ ಹೋಟೆಲು, ವಿಮಾನಗಳನ್ನು ಬಿಟ್ಟು ಆರ್‌ವಿಗಳತ್ತ ತಿರುಗಿದ್ದರಿಂದ 2021ರಲ್ಲಿ ಕಾರ್ಖಾನೆಗಳು 6 ಲಕ್ಷಕ್ಕೂ ಹೆಚ್ಚು ಬಂಡಿಗಳನ್ನು ಹೊರಗೆ ಕಳಿಸಿದವು. ಬಡ್ಡಿ ಏರಿ ಡೀಲರ್‌ಗಳ ಅಂಗಳ ತುಂಬಿಕೊಂಡ 2023ರಲ್ಲಿ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಇಳಿಯಿತು. ಟ್ರಕ್ಕಿನ ಕಂತು ಮಾತ್ರ ಎರಡೂ ವರ್ಷ ಒಂದೇ.

ಹಿಂತಿರುಗುವ ದಾರಿಯಲ್ಲಿ ಒಮ್ಮೊಮ್ಮೆ ಒಬ್ಬ ಡೀಲರನಿಂದ ಇನ್ನೊಬ್ಬನಿಗೆ ಹೋಗುವ ಟ್ರೇಲರೋ, ದುರಸ್ತಿಗೆ ಕಾರ್ಖಾನೆಗೆ ಮರಳುವ ಬಂಡಿಯೋ ಸಿಗುವುದುಂಟು. ಮುನ್ನೂರು ಮೈಲಿಗೆ ಬಾಡಿಗೆ ಹುಟ್ಟಿದರೂ ಆ ವಾರದ ಲೆಕ್ಕ ಬದಲಾಗುತ್ತದೆ. ಅದಕ್ಕಾಗಿ ಅರ್ಧ ದಿನ ಕಾಯುತ್ತೇನೆ, ಅದಕ್ಕಿಂತ ಹೆಚ್ಚು ಕಾಯುವುದಿಲ್ಲ, ಏಕೆಂದರೆ ಎರಡು ದಿನ ಕಾದು ಪಡೆದ ಮುನ್ನೂರು ಮೈಲಿಯ ಬಾಡಿಗೆ ಎಲ್ಕ್‌ಹಾರ್ಟ್‌ನಲ್ಲಿ ಸಿಗಬಹುದಾಗಿದ್ದ ಮುಂದಿನ ಲೋಡಿನ ನಷ್ಟವನ್ನು ತುಂಬುವುದಿಲ್ಲ.