ಗಿಳಿ ನೀಲಿಯಾದದ್ದು ಹೇಗೆ

ಒಬ್ಬರು ಹಳೆಯ ಗಿಳಿ ಚಿತ್ರವೊಂದನ್ನು ಫ್ರೇಮ್ ಸಮೇತ ತಂದಿದ್ದರು. ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಲ್ಲಿ ಬಣ್ಣ ತುಂಬಿದ್ದು. ಮೇಜಿನ ಮೇಲೆ ಇಡುವ ಮೊದಲೇ ಕೇಳಿದರು: "ಪುಸ್ತಕದಲ್ಲಿ ಈ ಗಿಳಿ ಹಸಿರು ಇದೆ. ನಮ್ಮದು ನೀಲಿ. ಅಪರೂಪದ ಪ್ರತಿ ಅಲ್ವಾ ಸರ್?"

ನಾನು ಏನೂ ಹೇಳದೆ ಹಿಂದಿನ ಮೊಳೆ ಕಿತ್ತು, ಮೌಂಟ್ ಎತ್ತಿದೆ, ಅಂದರೆ ಚಿತ್ರದ ಸುತ್ತ ಚೌಕಟ್ಟಿನಂತೆ ಕೂರುವ ರಟ್ಟು. ಅದರ ಅಂಚಿನಡಿ ಬಾಲದ ತುದಿ ಅರ್ಧ ಇಂಚಿನಷ್ಟು ಅಡಗಿ ಕೂತಿತ್ತು. ಎಳೆ ಹುಲ್ಲಿನಂಥ ಹಸಿರು. ಅಲ್ಲಿಂದ ಮುಂದೆ ಗೆರೆ ಎಳೆದ ಹಾಗೆ ನೀಲಿ ಶುರು.

ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಹಾಗಾದ್ರೆ ಮೇಲಿಂದ ಒಂಚೂರು ಹಸಿರು ಹಚ್ಚಿಬಿಡಿ" ಅಂದರು.

ಹಳೆಯ ಕಾಗದ ರಿಪೇರಿ ಮಾಡುವುದೇ ನನ್ನ ಕೆಲಸ. ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಆ ಕಾಲದ ಬಣ್ಣಗಾರರು ಹಸಿರನ್ನು ಎಷ್ಟೋ ಸಲ ಎರಡು ಬಣ್ಣ ಬೆರೆಸಿಯೇ ಮಾಡಿಕೊಳ್ಳುತ್ತಿದ್ದರು. ಪ್ರಷ್ಯನ್ ಬ್ಲೂ ಒಂದು, ಗ್ಯಾಂಬೋಜ್ ಎಂಬ ಹಳದಿ ಇನ್ನೊಂದು. ಗ್ಯಾಂಬೋಜ್ ಅಂದರೆ ಆಗ್ನೇಯ ಏಷ್ಯಾದ ಒಂದು ಮರದ ಅಂಟು. ವಿಲಿಯಂ ಹುಕರ್ (1779–1832) ಎಂಬ ಸಸ್ಯಚಿತ್ರಕಾರ ಇವೆರಡನ್ನು ಬೆರೆಸಿ ಮಾಡಿದ ಹಸಿರಿಗೆ ಅವನ ಹೆಸರೇ ನಿಂತಿದೆ. ಈಗಿನ ಟ್ಯೂಬಿನ ಮೇಲೂ ಅದೇ ಹೆಸರು, ಒಳಗಿರುವ ಸಾಮಾನು ಮಾತ್ರ ಬೇರೆ. ಬೆಳಕು ಬಿದ್ದರೆ ಗ್ಯಾಂಬೋಜ್ ಮೊದಲು ಹೋಗುತ್ತದೆ. ಹಳದಿ ಹೋದ ಮೇಲೆ ಉಳಿಯುವುದು ನೀಲಿ. ಗುಲಾಬಿ, ಕೆಂಪಿಗೆ ಬಳಸುತ್ತಿದ್ದ ಕಾರ್ಮೈನ್ ಕೂಡ ಹೀಗೇ ಮಾಯವಾಗುತ್ತದೆ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಹಿಂದೆಯೇ ಬರುವ ಮಾತು: "ನಾವು ಯು.ವಿ. ಗಾಜು ಹಾಕ್ಸಿದ್ದೀವಲ್ಲ ಸರ್!"

ಈ ಗಾಜಿನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದನ್ನೇ ಹಾಕುತ್ತೇನೆ. ಅದು ತಡೆಯುವುದು ನೇರಳಾತೀತ ಕಿರಣವನ್ನು, ಅಂದರೆ ಕಣ್ಣಿಗೆ ಕಾಣದ ಬೆಳಕನ್ನು. ಕಾಣುವ ಬೆಳಕು ಹಾಗೇ ಒಳಗೆ ಬರುತ್ತದೆ. ಬರದಿದ್ದರೆ ಚಿತ್ರ ಕಾಣುವುದಾದರೂ ಹೇಗೆ? ಗ್ಯಾಂಬೋಜ್, ಕಾರ್ಮೈನ್‌ನಂಥ ನಾಜೂಕು ಬಣ್ಣಗಳನ್ನು ತಿನ್ನಲು ಕಾಣುವ ಬೆಳಕೇ ಸಾಕು. ಗಾಜು ಹಾನಿಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಜಲವರ್ಣದ ಚಿತ್ರಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 50 ಲಕ್ಸ್ (ಲಕ್ಸ್ ಅಂದರೆ ಮೇಲೆ ಬೀಳುವ ಬೆಳಕಿನ ಅಳತೆ). ದಿನಕ್ಕೆ 8 ಗಂಟೆ ಹಿಡಿದರೆ 400 ಲಕ್ಸ್-ಗಂಟೆ. ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಒಂದೇ ಒಂದು ಗಂಟೆ ಬಿಸಿಲು ಬಿದ್ದರೆ, ಮ್ಯೂಸಿಯಂ ಗೋಡೆಯ ಮೇಲಿನ 250 ದಿನ ಅಷ್ಟರಲ್ಲೇ ಮುಗಿಯಿತು. ಬೆಳಗ್ಗೆ ಕಿಟಕಿಯಿಂದ ಹತ್ತೇ ನಿಮಿಷ ಬಿಸಿಲು ಬೀಳುತ್ತದೆ ಅನ್ನುವವರು ಆ ಹತ್ತು ನಿಮಿಷವನ್ನು 365ರಿಂದ ಗುಣಿಸಿ ನೋಡಲಿ. ಇದು ಸ್ಥೂಲ ಲೆಕ್ಕ, ಯಾವ ಬಣ್ಣ ಎಷ್ಟು ತಾಳುತ್ತದೆ ಎಂದು ಚಿತ್ರ ನೋಡದೆ ಹೇಳಲಾರೆ. ಆದರೆ ರಾತ್ರಿ ಕತ್ತಲಲ್ಲಿಟ್ಟರೆ ಹಗಲಿನ ಹಾನಿ ವಾಸಿಯಾಗುವುದಿಲ್ಲ. ಅದು ಕೂಡುತ್ತಲೇ ಹೋಗುತ್ತದೆ.

ಇನ್ನು ಮೇಲಿಂದ ಹಸಿರು ಹಚ್ಚುವ ಮಾತು. ಈ ಪಕ್ಷಿಚಿತ್ರಗಳ ಬೆಲೆ ಇರುವುದೇ ಅಂದು ಕೂತು ಬಣ್ಣ ತುಂಬಿದವರ ಕೈಯಲ್ಲಿ. ಮಾದರಿ ಹಾಳೆಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ರೆಕ್ಕೆ ತುಂಬುತ್ತಿದ್ದರು. ಪಕ್ಷಿಚಿತ್ರಗಳ ದೊಡ್ಡ ಪುಸ್ತಕಗಳನ್ನು ತಂದ ಇಂಗ್ಲಿಷ್ ಪಕ್ಷಿತಜ್ಞ ಜಾನ್ ಗೂಲ್ಡ್‌ಗೆ ಗೇಬ್ರಿಯಲ್ ಬೇಫೀಲ್ಡ್ ಎಂಬ ಬಣ್ಣಗಾರನಿದ್ದ. ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಲಿಯರ್ 1830ರಲ್ಲಿ ಗಿಳಿಗಳ ಚಿತ್ರ ಶುರು ಮಾಡಿದಾಗ ಅವನಿಗೆ ಇನ್ನೂ 18 ವರ್ಷ. ಮೃಗಾಲಯಕ್ಕೆ ಹೋಗಿ ಜೀವಂತ ಗಿಳಿಗಳನ್ನು ನೋಡಿ ಬರೆಯುತ್ತಿದ್ದ. 175 ಪ್ರತಿ ತೆಗೆದ ಮೇಲೆ ಕಲ್ಲಿನ ಮೇಲಿನ ಚಿತ್ರ ಅಳಿಸಿಬಿಟ್ಟ. ಅಂಥ ಹಾಳೆಯ ಮೇಲೆ ನಾನು ಇವತ್ತಿನ ಟ್ಯೂಬಿನ ಹಸಿರು ಬಳಿದರೆ ನೀವು ಗೋಡೆಗೆ ಹಾಕುವುದು ನನ್ನ ಗಿಳಿಯನ್ನು. ನನ್ನ ಗಿಳಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಒದ್ದೆ ಬಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಗೂಲ್ಡ್ 1849ರಿಂದ 1861ರವರೆಗೆ 5 ಸಂಪುಟಗಳಲ್ಲಿ ಹಮ್ಮಿಂಗ್‌ಬರ್ಡ್‌ಗಳ 360 ಚಿತ್ರ ತಂದ. ಅವುಗಳ ಕತ್ತಿನ ಮಿಂಚು ತೋರಿಸಲು ಚಿನ್ನದ ರೇಕಿನ ಮೇಲೆ ತೆಳುವಾಗಿ ಬಣ್ಣ ಹಚ್ಚಿಸಿದ. ಅಂಥದ್ದೇ ಒಂದು ಹಾಳೆಯನ್ನು ಒಬ್ಬ ತಾಯಿ ದೂಳು ಹೋಗಲಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಬರೀ ರೇಕು ಹೊಳೆಯುತ್ತಿತ್ತು. "ಎಷ್ಟು ಫಳಫಳ ಅಂತಿದೆ ನೋಡಿ" ಎಂದು ಖುಷಿಯಿಂದ ತೋರಿಸಿದರು. ನನಗೆ ಬಾಯಿ ಬರಲಿಲ್ಲ.

ನೀಲಿ ಗಿಳಿಯವರು ಕೊನೆಗೆ ಒಪ್ಪಿದರು. ಆಮ್ಲವಿಲ್ಲದ ಮೌಂಟ್ ಹಾಕಿದೆ. ಕಿಟಕಿಯ ಎದುರಿನ ಗೋಡೆ ಬೇಡ, ಮನೆಯೊಳಗಿನ ಕಾರಿಡಾರಿನಲ್ಲಿ ತೂಗುಹಾಕಿ, ವರ್ಷದಲ್ಲಿ ಕೆಲವು ತಿಂಗಳು ಇಳಿಸಿ ಕತ್ತಲಲ್ಲಿಡಿ ಅಂದೆ. ಆದರೆ ಆ ಹಸಿರು ತುದಿ ಕಾಣುವ ಹಾಗೆ ಮೌಂಟಿನ ಕಿಂಡಿಯನ್ನು ಸ್ವಲ್ಪ ಅಗಲವಾಗಿ ಕತ್ತರಿಸಿ, ಬಂದವರಿಗೆ ತೋರಿಸಬೇಕು ಎಂದು ಹಟ ಹಿಡಿದರು. ತೋರಿಸಿದರೆ ಅದೂ ಹೋಗುತ್ತಲ್ಲ! ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಆ ಅರ್ಧ ಇಂಚಿನ ಫೋಟೋ ತೆಗೆದು, ಫ್ರೇಮಿನ ಹಿಂದೆ ಅಂಟಿಸಿ ಕಳಿಸಿದೆ.