ಐದು ತಿಂಗಳ ಪಾಲುದಾರಿಕೆಗೆ ಎಷ್ಟು ತೆರಿಗೆ ರಿಟರ್ನ್?

ಪ್ರಶ್ನೆ: ನಾನು ಕೊಡಗಿನ ಗೋಣಿಕೊಪ್ಪದವನು. ಸ್ನೇಹಿತನ ಜೊತೆ ಸೇರಿ ಕೇರಳದ ಮಾನಂದವಾಡಿಯಲ್ಲಿ ಕರಿಮೆಣಸು, ಕಾಫಿ ಕೊಂಡು ಮಾರುವ ಪಾಲುದಾರಿಕೆ ಫರ್ಮ್ ಮಾಡಿದ್ದೆ. 2025ರ ಜನವರಿಯಲ್ಲಿ ಶುರು, ಮೇ ಕೊನೆಗೆ ಬಂದ್. ನಷ್ಟವೇ ಆಯಿತು. ಫರ್ಮ್ ಹೆಸರಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕಬೇಕೆ?

ಹಾಕಬೇಕು. ಅದೂ ಎರಡು.

ನಡುವೆ ಹಣಕಾಸು ವರ್ಷ ಮುಗಿಯುವ ಮಾರ್ಚ್ 31 ಬಂತಲ್ಲ. ಮೊದಲ ಮೂರು ತಿಂಗಳು 2024–25ರ ಲೆಕ್ಕಕ್ಕೆ, ಏಪ್ರಿಲ್–ಮೇ 2025–26ಕ್ಕೆ. ಎರಡಕ್ಕೂ ಫರ್ಮಿನ ರಿಟರ್ನ್ ಫಾರಂ ಐಟಿಆರ್-5. ಮೊದಲನೆಯದರ ಗಡುವು 2025ರ ಸೆಪ್ಟೆಂಬರ್ 16ಕ್ಕೇ ಮುಗಿಯಿತು. ವಿಳಂಬ ಶುಲ್ಕ ಕಟ್ಟಿ ಹಾಕಲು ಕೊನೆಯ ದಿನ 2025ರ ಡಿಸೆಂಬರ್ 31. ನಷ್ಟದ ಫರ್ಮಿಗೆ ಆ ಶುಲ್ಕ 1,000 ರೂಪಾಯಿ. ಎರಡನೆಯದು 2026ರಲ್ಲಿ.

ಕುಟ್ಟದ ಗಡಿ, ಮಾಕುಟ್ಟದ ಘಾಟಿ ದಾಟಿ ಕೇರಳದಲ್ಲಿ ವ್ಯಾಪಾರ ಮಾಡಿ ಬಂದವರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಎಷ್ಟು ಸಲ ಉತ್ತರಿಸಿದರೂ ಕೊನೆಗೆ ಅದೇ ಮಾತು: "ಲಾಭವೇ ಇಲ್ಲದ ಮೇಲೆ ರಿಟರ್ನ್ ಯಾಕೆ?" ಈ ನಂಬಿಕೆಯನ್ನು ಇವತ್ತು ಬುಡಸಮೇತ ಕೀಳಲೇಬೇಕು.

ಅದು ಹುಟ್ಟಿದ್ದು ನಮ್ಮ ಸ್ವಂತ ರಿಟರ್ನಿನ ರೂಢಿಯಿಂದ. ವ್ಯಕ್ತಿಗೆ ವಿನಾಯಿತಿ ಮಿತಿ ಇದೆ; ಆದಾಯ ಅದರೊಳಗಿದ್ದರೆ ಸಾಮಾನ್ಯವಾಗಿ ರಿಟರ್ನ್ ಕಡ್ಡಾಯವಲ್ಲ. ಫರ್ಮಿಗೆ ಆ ಮಿತಿಯೇ ಇಲ್ಲ. ಲಾಭದ ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಈ ಎರಡೂ ವರ್ಷಗಳಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 139(1)ನೇ ಸೆಕ್ಷನ್ ಕಂಪನಿ ಮತ್ತು ಫರ್ಮುಗಳಿಗೆ ಹೇಳುವುದು ಒಂದೇ: ಲಾಭವಿರಲಿ, ನಷ್ಟವಿರಲಿ, ಹಾಕಿ.

"ಬಾಗಿಲು ಮುಚ್ಚಿ ಆಯಿತಲ್ಲ?" ಮುಚ್ಚಿದರೂ ತೆರಿಗೆ ನಿರ್ಧಾರದ ಮಟ್ಟಿಗೆ ಫರ್ಮ್ ಇದ್ದಂತೆಯೇ ಎನ್ನುತ್ತದೆ 189ನೇ ಸೆಕ್ಷನ್. ಬಾಕಿ ಉಳಿದರೆ ಪೂರ್ತಿ ಮೊತ್ತವನ್ನು ನಿಮ್ಮಿಬ್ಬರಲ್ಲಿ ಯಾರಿಂದಲಾದರೂ ವಸೂಲಿ ಮಾಡಬಹುದು. "ಕೇರಳದ ಫರ್ಮ್ ಅಲ್ಲವೇ?" ಆದಾಯ ತೆರಿಗೆ ಕೇಂದ್ರದ್ದು, ಅದಕ್ಕೆ ತೋಲ್ಪೆಟ್ಟಿ ಗಡಿ ಲೆಕ್ಕಕ್ಕಿಲ್ಲ. "ನನ್ನ ಪಾಲಿನ ನಷ್ಟವನ್ನು ನನ್ನ ರಿಟರ್ನಿನಲ್ಲೇ ಕಳೆದುಕೊಂಡೆ" ಎನ್ನುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫರ್ಮಿನ ನಷ್ಟ ಫರ್ಮಿನದೇ. ಲಾಭದ ಪಾಲು ಪಾಲುದಾರನ ಕೈಯಲ್ಲಿ ತೆರಿಗೆಮುಕ್ತ, ನಷ್ಟದ ಪಾಲು ಅವನಿಗೆ ದಕ್ಕುವುದಿಲ್ಲ. ಆ ವರ್ಷಗಳಿಗೆ ನಿಮ್ಮ ಸ್ವಂತ ಫಾರಂ ಐಟಿಆರ್-3.

ರಾಜ್ಯದ ಗಡಿ ಲೆಕ್ಕಕ್ಕೆ ಬರುವುದು ಜಿಎಸ್‌ಟಿಯಲ್ಲಿ. ಕೇರಳದಲ್ಲಿ ನೋಂದಣಿ ಮಾಡಿಸಿದ್ದರೆ ಅದನ್ನು ಅಲ್ಲೇ ರದ್ದು ಮಾಡಿಸಬೇಕು. ಅಲ್ಲಿಯವರೆಗೆ ವ್ಯಾಪಾರ ಸೊನ್ನೆಯಾದರೂ ಜಿಎಸ್‌ಟಿ ರಿಟರ್ನ್ ತಪ್ಪದು. ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್, ಅಂದರೆ ಜಿಎಸ್‌ಟಿಆರ್-10.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಫಿ ಎಂದರೆ ಕೃಷಿ ಆದಾಯ, ತೆರಿಗೆಯಿಲ್ಲ ಎಂದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಸ್ವಂತ ತೋಟದ್ದಕ್ಕೆ ಮಾತ್ರ. ಬೇರೆಯವರ ಕಣದಿಂದ ಕೊಂಡು ಮಾರಿದ್ದು ಶುದ್ಧ ವ್ಯಾಪಾರ. ಸ್ವಂತ ತೋಟದ್ದರಲ್ಲೂ ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು) ಮಾಡಿ ಮಾರಿದರೆ ಲಾಭದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯಾಪಾರದ ಆದಾಯವಾಗುತ್ತದೆ. ಹೋಂಸ್ಟೇಗೆ ಬಂದವರಿಗೆ ಮನೆಯ ಕಾಫಿಪುಡಿ ಪೊಟ್ಟಣ ಕಟ್ಟಿ ಮಾರುವವರು ಈ ಶೇ 40ರ ಲೆಕ್ಕ ಬರೆದಿಡಿ.